ನಾಲ್ಕು ಲಕ್ಷದ ಸಿಂಥ್ ಮತ್ತು ಮಂಡ್ಯದ ಒಬ್ಬ ಕೀಬೋರ್ಡ್ ಪ್ಲೇಯರ್

ನನ್ನ ಭಾವಮೈದನಿಗೆ ಪ್ರಾಫೆಟ್-5 ಅನ್ನುವ ಸಿಂಥಸೈಸರ್, ಅಂದರೆ ನಾಬ್ ತಿರುಗಿಸಿ ಸೌಂಡನ್ನು ನಾವೇ ಹುಟ್ಟಿಸಿಕೊಳ್ಳುವ ಕೀಬೋರ್ಡ್, ಕೊಳ್ಳುವ ಆಸೆ ಹುಟ್ಟಿತು. ತಗೋಬೇಕಾ ಬೇಡ್ವಾ ಅನ್ನೋದು ತೀರ್ಮಾನವಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆ ವರ್ಷದ ಲೆಕ್ಕ, ವಾದ, ಪ್ರಯೋಗ, ಕೊನೆಗೆ ಏನಾಯಿತು ಎಲ್ಲವನ್ನೂ ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಹೆಸರು ಮಾತ್ರ ಹಾಕಬೇಡಿ ಅಂದಿದ್ದಾನೆ, ಹಾಕುವುದಿಲ್ಲ.

ಅವನ ಸ್ಥಿತಿಗತಿ ಮೊದಲು. ಊರು ಮಂಡ್ಯ, ನೂರಡಿ ರಸ್ತೆಯ ಹಿಂದೆ ಸ್ವಂತ ಮನೆ, ಅಪ್ಪ ಕಟ್ಟಿಸಿದ್ದು. ವಯಸ್ಸು ಮೂವತ್ತು ದಾಟಿದೆ. ಒಂದು ರಸಮಂಜರಿ ತಂಡದಲ್ಲಿ ಖಾಯಂ ಕೀಬೋರ್ಡ್ ಪ್ಲೇಯರ್. ಗಣೇಶನ ಹಬ್ಬಕ್ಕೆ ಶುರುವಾದರೆ ದಸರಾ, ಆಮೇಲೆ ನವೆಂಬರ್ ತಿಂಗಳಿಡೀ ರಾಜ್ಯೋತ್ಸವ, ಆಮೇಲೆ ಊರೂರಿನ ಜಾತ್ರೆ, ಮಧ್ಯೆ ಮದುವೆ ರಿಸೆಪ್ಷನ್. ಆಷಾಢದಲ್ಲಿ ಕೈ ಖಾಲಿ. ಸಂಜೆ ಹೊತ್ತು ಒಂದಷ್ಟು ಮಕ್ಕಳಿಗೆ ಪಾಠ. ವರ್ಷಕ್ಕೆ ಒಂದೆರಡು ಸಲ ಮೈಸೂರಿನ ಹವ್ಯಾಸಿ ನಾಟಕ ತಂಡಗಳಿಗೆ ಹಿನ್ನೆಲೆ ಸಂಗೀತ ಮಾಡುತ್ತಾನೆ, ಅದರಲ್ಲಿ ದುಡ್ಡು ಕಡಿಮೆ, ಆದರೆ ಅವನ ಮುಖ ಅರಳೋದು ಅದಕ್ಕೇ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್, ಒಬ್ಬಳು ಮಗಳು.

ನಾನು ಮೈಸೂರಿನಲ್ಲಿ ಕುವೆಂಪುನಗರದಲ್ಲಿ ಒಂದು ಸಣ್ಣ ರೆಕಾರ್ಡಿಂಗ್ ರೂಮ್ ಇಟ್ಟುಕೊಂಡಿದ್ದೇನೆ. ಜಾಹೀರಾತು, ಭಾವಗೀತೆ, ವಾಯ್ಸ್ ಓವರ್, ಬಂದದ್ದು ಮಾಡುತ್ತೇನೆ. ಯಂತ್ರಗಳ ವಿಷಯ ಬಂದರೆ ಅವನು ನನ್ನನ್ನು ಕೇಳುತ್ತಾನೆ, ಕೇಳಿ ತನಗೆ ತೋಚಿದ್ದನ್ನೇ ಮಾಡುತ್ತಾನೆ.

ಆಸೆ ಎಲ್ಲಿಂದ ಬಂತು

ಬೆಂಗಳೂರಿನ ಒಂದು ಸ್ಟುಡಿಯೋಗೆ ಸೆಷನ್ ನುಡಿಸಲು ಹೋಗಿದ್ದ. ಅಲ್ಲಿ ಪ್ರಾಫೆಟ್-5 ಇತ್ತು. ಸೆಷನ್ ಮುಗಿದ ಮೇಲೆ ಸುಮ್ನೆ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಕೆಲವು ಸ್ವರ) ಹಿಡಿದು, ದನಿಯನ್ನು ಮುಚ್ಚಿ ತೆರೆಯುವ ಫಿಲ್ಟರ್ ನಾಬ್ ತಿರುಗಿಸಿದನಂತೆ. ಮಂಡ್ಯಕ್ಕೆ ಬಂದು ತನ್ನ ಕೀಬೋರ್ಡ್ ಆನ್ ಮಾಡಿದರೆ ಎಲ್ಲ ಸಪ್ಪೆ. ನನಗೆ ಫೋನ್ ಮಾಡಿ ಅಂದ: "ಭಾವ, ಒಂದ್ ಸಲ ಕಿವಿಗ್ ಬಿದ್ಮೇಲೆ ಬುಡಕ್ಕಾಗಲ್ಲ. ಚೀಟಿ ಕೂಗ್ಬುಡ್ತೀನಿ."

ಇವನು ದುಂದುಗಾರ ಅಲ್ಲ. ರೋಲ್ಯಾಂಡ್ ಎಕ್ಸ್‌ಪಿಎಸ್-10 ಒಂದನ್ನೇ ವರ್ಷಗಟ್ಟಲೆ ಉಜ್ಜಿ ಸಂಸಾರ ನಡೆಸಿದವನು. ಅದಕ್ಕೇ ನಾನು ಸುಮ್ನೆ ಬೇಡ ಅನ್ನಲಿಲ್ಲ.

ಪ್ರಾಫೆಟ್-5 ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಡೇವ್ ಸ್ಮಿತ್ 1978ರಲ್ಲಿ ಹೊರತಂದ ಅನಲಾಗ್ ಸಿಂಥಸೈಸರ್ ಇದು, ಅಂದರೆ ದನಿಯನ್ನು ಕಂಪ್ಯೂಟರ್ ಲೆಕ್ಕದಿಂದಲ್ಲ, ಕರೆಂಟಿನ ಏರಿಳಿತದಿಂದಲೇ ಹುಟ್ಟಿಸುವಂಥದ್ದು. ಒಟ್ಟಿಗೆ ಐದು ಸ್ವರ ಹಿಡಿಯಬಹುದು, ಮಾಡಿಕೊಂಡ ಸೌಂಡನ್ನು ಮೆಮೊರಿಯಲ್ಲಿ ಉಳಿಸಿಕೊಳ್ಳಬಹುದು. ಮೊದಲ ಮಾಡೆಲ್‌ನಲ್ಲಿ 40 ಸೌಂಡ್ ಉಳಿಯುತ್ತಿದ್ದವು. ಈಗ ಕೇಳಿದರೆ ನಗು ಬರುತ್ತದೆ, ಆದರೆ 1970ರ ಮಿನಿಮೋಗ್‌ನಲ್ಲಿ ಮೆಮೊರಿಯೇ ಇರಲಿಲ್ಲ, ಒಂದು ಹಾಡಿಂದ ಇನ್ನೊಂದಕ್ಕೆ ಹೋಗುವಾಗ ವೇದಿಕೆ ಮೇಲೆ ನಿಂತುಕೊಂಡೇ ಎಲ್ಲ ನಾಬ್‌ಗಳನ್ನೂ ಮತ್ತೆ ಕೂರಿಸಿಕೊಳ್ಳಬೇಕಿತ್ತು, ಅದೂ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಯಂತ್ರದಲ್ಲಿ. ಇದೇ ಸ್ಮಿತ್ ರೋಲ್ಯಾಂಡ್‌ನ ಇಕುಟಾರೊ ಕಾಕೆಹಾಶಿ ಜೊತೆ ಸೇರಿ 1983ರಲ್ಲಿ ಮಿಡಿ, ಅಂದರೆ ಒಂದು ಕೀಬೋರ್ಡ್ ಇನ್ನೊಂದು ಯಂತ್ರದ ಜೊತೆ ಮಾತಾಡುವ ವ್ಯವಸ್ಥೆ, ತಂದವರು. ನಮ್ಮ ಜಾತ್ರೆ ಕೀಬೋರ್ಡಿನ ಹಿಂದೆ ಇರುವ ಆ ಐದು ಪಿನ್ನಿನ ಗುಂಡಗಿನ ತೂತು ಅದೇ. ಪ್ರಾಫೆಟ್-5 ಅನ್ನು 2020ರಲ್ಲಿ ಮತ್ತೆ ತಯಾರಿಸಲು ಶುರು ಮಾಡಿದರು, ಆಗ ಅಮೆರಿಕದಲ್ಲಿ ಅದರ ಬೆಲೆ 3,499 ಡಾಲರ್. ಸ್ಮಿತ್ 2022ರಲ್ಲಿ ತೀರಿಕೊಂಡರು.

ಅಮೆರಿಕದ ಬೆಲೆಯನ್ನು ರೂಪಾಯಿಗೆ ಗುಣಿಸಿ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಸಾಗಣೆ, ವಿಮೆ ಸೇರಿದ ಬೆಲೆಯ ಮೇಲೆ ಕಸ್ಟಮ್ಸ್ ಸುಂಕ, ಆ ಸುಂಕವೂ ಸೇರಿದ ಮೊತ್ತದ ಮೇಲೆ ಜಿಎಸ್‌ಟಿ. ತೆರಿಗೆಯ ಮೇಲೆ ತೆರಿಗೆ. ನಮಗೆ ಸಿಕ್ಕ ಕೊಟೇಶನ್ ನಾಲ್ಕು ಲಕ್ಷ ದಾಟಿತ್ತು. ಅಮೆರಿಕದಲ್ಲಿರುವ ಗೆಳೆಯನ ಕೈಲಿ ತರಿಸೋಣ ಅನ್ನೋದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಬ್ಯಾಗೇಜ್ ಮಿತಿ ದಾಟಿದ್ದಕ್ಕೆ ಏರ್‌ಪೋರ್ಟಿನಲ್ಲೇ ಸುಂಕ ಕಟ್ಟಬೇಕು, ಇಲ್ಲಿನ ಡೀಲರ್ ವಾರಂಟಿಯನ್ನು ಒಪ್ಪುತ್ತಾರೆ ಅನ್ನುವ ಭರವಸೆ ಇಲ್ಲ. ಆ ದಾರಿ ಬಿಟ್ಟೆವು.

ಆ ದನಿಯಲ್ಲಿ ಇರುವುದೇನು

ಅನಲಾಗ್ ದನಿಯನ್ನು ಹೊಗಳುವವರಿಂದ "ವಾರ್ಮ್" ಅನ್ನುವ ಪದ ಕೇಳಿ ಕೇಳಿ ನನಗೆ ಸಾಕಾಗಿದೆ. ಏನಾಗುತ್ತದೆ ಅನ್ನೋದನ್ನೇ ನೋಡೋಣ.

ಅನಲಾಗ್ ಸಿಂಥ್‌ನಲ್ಲಿ ಸ್ವರ ಹುಟ್ಟುವುದು ವೋಲ್ಟೇಜಿನಿಂದ ನಡೆಯುವ ಆಸಿಲೇಟರಿನಲ್ಲಿ. ಸಾಮಾನ್ಯ ಲೆಕ್ಕ ಅಂದರೆ ಒಂದು ವೋಲ್ಟ್ ಏರಿದರೆ ಒಂದು ಸ್ಥಾಯಿ ಏರುತ್ತದೆ. ಒಳಗಿನ ಟ್ರಾನ್ಸಿಸ್ಟರ್ ಬಿಸಿಗೆ ತಕ್ಕಂತೆ ಸ್ವಲ್ಪ ಬದಲಾಗುತ್ತದೆ, ಹಾಗಾಗಿ ಸ್ವರವೂ ಕೂದಲೆಳೆಯಷ್ಟು ಆಚೀಚೆ ಆಗುತ್ತದೆ. ಪ್ರಾಫೆಟ್-5ರಲ್ಲಿ ಒಂದೊಂದು ದನಿಗೆ (ಒಟ್ಟಿಗೆ ಹಿಡಿಯುವ ಒಂದೊಂದು ಸ್ವರಕ್ಕೆ) ಎರಡು ಆಸಿಲೇಟರ್, ಅಂದರೆ ಐದು ಸ್ವರದ ಕಾರ್ಡ್ ಹಿಡಿದರೆ ಹತ್ತು ಆಸಿಲೇಟರ್‌ಗಳು ಒಂದಕ್ಕೊಂದು ಸರಿಯಾಗಿ ಹೊಂದಿಯೂ ಹೊಂದದೆ ನುಡಿಯುತ್ತವೆ. ಒಂದು 440 ಹರ್ಟ್ಸ್, ಇನ್ನೊಂದು 441 ಇದ್ದರೆ ಸೆಕೆಂಡಿಗೆ ಒಂದು ಸಲ ದನಿ ಉಬ್ಬಿ ಇಳಿಯುತ್ತದೆ. ಹಾರ್ಮೋನಿಯಂನಲ್ಲಿ ಎರಡನೇ ಸಾಲಿನ ರೀಡನ್ನೂ ತೆರೆದಾಗ ದನಿ ತುಂಬಿಕೊಳ್ಳುವುದಕ್ಕೆ ಇದೂ ಒಂದು ಕಾರಣ. ಆಮೇಲೆ ಫಿಲ್ಟರ್. ಕಟ್‌ಆಫ್ ಅನ್ನುವ ಗಡಿಯ ಮೇಲೆ ಒಂದೊಂದು ಸ್ಥಾಯಿಗೆ 24 ಡೆಸಿಬೆಲ್‌ನಂತೆ ದನಿಯನ್ನು ತಗ್ಗಿಸುತ್ತದೆ, ನಾಬ್ ತಿರುಗಿಸಿದಂತೆ ದನಿ ಮುಚ್ಚಿಕೊಂಡು ತೆರೆದುಕೊಳ್ಳುತ್ತದೆ.

ಒಂದು ತಮಾಷೆ. ಹಳೆಯ ಪ್ರಾಫೆಟ್‌ಗಳ ದೊಡ್ಡ ದೂರು ಅಂದರೆ ಶ್ರುತಿ ನಿಲ್ಲುವುದಿಲ್ಲ ಅನ್ನೋದು. ಹೊಸದರಲ್ಲಿ ಅದನ್ನು ಸರಿ ಮಾಡಿದರು, ಆಮೇಲೆ "ವಿಂಟೇಜ್" ಅಂತ ಒಂದು ನಾಬ್ ಇಟ್ಟರು. ಅದನ್ನು ತಿರುಗಿಸಿದರೆ ದನಿಗಳು ಮತ್ತೆ ಒಂದೊಂದೂ ಒಂದೊಂದು ಥರ ಆಗುತ್ತವೆ. ಜನ ಅದಕ್ಕೂ ಖುಷಿಯಾಗಿ ದುಡ್ಡು ಕೊಡುತ್ತಾರೆ, ನಾನೂ ಕೊಡುತ್ತಿದ್ದೆ, ಇದ್ದಿದ್ದರೆ.

ಹಾಗಾದರೆ ಇದನ್ನು ಸಾಫ್ಟ್‌ವೇರ್ ಮಾಡಲ್ವಾ? ಬಹುಪಾಲು ಮಾಡುತ್ತದೆ. ಬೆಂಗಳೂರಿನ ಆ ಸ್ಟುಡಿಯೋದವರು ಒಂದು ಕಾರ್ಡನ್ನು ರಿವರ್ಬ್ (ಪ್ರತಿಧ್ವನಿಯ ಗುಂಗು) ಇಲ್ಲದೆ ರೆಕಾರ್ಡ್ ಮಾಡಿ ಕಳಿಸಿದರು. ಅದಕ್ಕೆ ಹತ್ತಿರದ ಸೌಂಡನ್ನು ನನ್ನ ಕಂಪ್ಯೂಟರಿನಲ್ಲಿ ಮಾಡಿದೆ. ಎರಡನ್ನೂ ಬರೀ ಹಾಗೇ ಕೇಳಿಸಿದಾಗ ಭಾವಮೈದ ತಕ್ಷಣ ಗುರುತು ಹಿಡಿದ. ಆಮೇಲೆ ಹಿಂದಿನ ವರ್ಷದ ನಾಟಕವೊಂದರ ರೆಕಾರ್ಡಿಂಗ್ ತೆಗೆದು ಸಂಭಾಷಣೆ, ತಮಟೆ, ಹಾಡು ಎಲ್ಲದರ ಕೆಳಗೆ ಎರಡನ್ನೂ ಬೇರೆ ಬೇರೆ ಹಾಕಿ ಕೇಳಿಸಿದೆ. ಅವನು ಹೇಳಿದ್ದು ಒಮ್ಮೆ ಸರಿ, ಒಮ್ಮೆ ತಪ್ಪು. ಕಣ್ಣು ಮುಚ್ಚಿ ನಾಣ್ಯ ಚಿಮ್ಮಿದರೂ ಅಷ್ಟೇ ಆಗುತ್ತಿತ್ತು. ಅವನಿಗೆ ಸಿಟ್ಟು ಬಂತು. "ಪ್ರೇಕ್ಷಕ್ರಿಗೆ ಗೊತ್ತಾಗ್ದೆ ಇರ್ಬೋದು, ನುಡ್ಸೋನಿಗೆ ಗೊತ್ತಾಯ್ತದೆ" ಅಂದ. ಆ ಮಾತು ನನಗೆ ನಾಟಿತು. ಕೇಳುವವರ ಕಿವಿಗೆ ಸಿಗದ ವ್ಯತ್ಯಾಸ ನುಡಿಸುವವನ ಕೈಗೆ ಸಿಗಬಹುದು. ಹಾಗಿದ್ದರೆ ಅವನು ಅದನ್ನು ನುಡಿಸುವುದು ಎಲ್ಲಿ?

ರಸಮಂಜರಿಯಲ್ಲಿ ಇದು ಏನು ಮಾಡುತ್ತದೆ

ಅವನ ಮೊದಲ ವಾದ ಅಂದರೆ ಇದು ವೇದಿಕೆಯಲ್ಲಿ ದುಡಿದು ತನ್ನ ದುಡ್ಡು ತಾನೇ ತೀರಿಸುತ್ತದೆ ಅನ್ನೋದು. ನಾನು ಒಪ್ಪಲಿಲ್ಲ.

ರಸಮಂಜರಿಯಲ್ಲಿ ಕೀಬೋರ್ಡ್ ಪ್ಲೇಯರ್ ಕೆಲಸ ಅಂದರೆ ಇನ್ನೊಬ್ಬರು ಮಾಡಿಟ್ಟ ಸೌಂಡನ್ನು ಇದ್ದ ಹಾಗೇ ತರುವುದು. ಕೊಳಲು, ಸಿತಾರ್, ಶಹನಾಯಿ, ಇಪ್ಪತ್ತು ವಯಲಿನ್, ಆಮೇಲೆ ನಡುವೆ ಒಂದು ಟ್ರಂಪೆಟ್. ಹಳೇ ಹಾಡಿನ ಇಂಟರ್‌ಲ್ಯೂಡಿನಲ್ಲಿ ಕೊಳಲು ಬರದೆ ಇದ್ದರೆ ಮುಂದೆ ಕೂತವನು ಎದ್ದು ಕೂಗುತ್ತಾನೆ, ಮಂಡ್ಯದ ಜನ ಈ ವಿಷಯದಲ್ಲಿ ಮುಲಾಜು ನೋಡಲ್ಲ. ಪ್ರಾಫೆಟ್-5ರಲ್ಲಿ ರೆಕಾರ್ಡ್ ಮಾಡಿಟ್ಟ ಸ್ಯಾಂಪಲ್ ಯಾವುದೂ ಇಲ್ಲ. ಕೊಳಲಿನ ನೆರಳು ಬರುತ್ತದೆ, ಕೊಳಲು ಬರುವುದಿಲ್ಲ. ಅದರಲ್ಲಿ ಎಫೆಕ್ಟ್ ಇಲ್ಲ, ಸ್ವರಗಳನ್ನು ತಾನೇ ಸಾಲಾಗಿ ನುಡಿಸುವ ಸೀಕ್ವೆನ್ಸರ್ ಇಲ್ಲ, ಔಟ್‌ಪುಟ್ ಮೋನೋ, ಸ್ಟೀರಿಯೋ ಅಲ್ಲ. ನಾಲ್ಕು ಲಕ್ಷ ಕೊಟ್ಟವನು ರಿವರ್ಬಿಗೆ ಬೇರೆ ಪೆಡಲ್ ತರಬೇಕು.

ಕರೆಂಟಿನ ವಿಷಯವೂ ಇದೆ. ಜಾತ್ರೆಯಲ್ಲಿ ಜನರೇಟರ್, ಅದರ ಮೇಲೆ ಸೀರಿಯಲ್ ಸೆಟ್, ಸೌಂಡ್ ಸಿಸ್ಟಂ, ಕೆಲವೊಮ್ಮೆ ಪಕ್ಕದ ಬಜ್ಜಿ ಅಂಗಡಿಯ ಬಲ್ಬು. ಹೊಸ ಯಂತ್ರಗಳು 100ರಿಂದ 240 ವೋಲ್ಟ್‌ವರೆಗೆ ತಡೆದುಕೊಳ್ಳುತ್ತವೆ, ಆದರೂ ಒಮ್ಮೆಲೇ ಏರಿಳಿದರೆ ಏನಾಗುತ್ತದೋ ಅನ್ನುವ ಭಯ ಇದ್ದೇ ಇರುತ್ತದೆ. ಹಳೇದನ್ನು ಜಪಾನಿನಿಂದ ತರಿಸುವವರು ಇನ್ನೂ ಹುಷಾರಾಗಿರಬೇಕು, ಅಲ್ಲಿನ ಕರೆಂಟ್ 100 ವೋಲ್ಟ್, ನಮ್ಮದು 230, ಸೀದಾ ಪ್ಲಗ್ಗಿಗೆ ಹಾಕಿದರೆ ಅಲ್ಲಿಗೆ ಕಥೆ ಮುಗಿಯಿತು. ಮಧ್ಯಾಹ್ನದ ಬಿಸಿಲಲ್ಲಿ ಶ್ರುತಿ ಮಾಡಿಟ್ಟದ್ದು ನವೆಂಬರ್ ರಾತ್ರಿಯ ಮಂಜಿನಲ್ಲಿ ಜಾರುತ್ತದೆ, ಆಗ ಟ್ಯೂನ್ ಬಟನ್ ಒತ್ತಿ ಕಾಯಬೇಕು, ಅಷ್ಟು ಹೊತ್ತು ಗಾಯಕ ಜೋಕು ಹೇಳುತ್ತಾ ನಿಂತಿರಬೇಕು. ಇದರ ಮೇಲೆ ಧೂಳು. ಟಾಟಾ ಏಸ್‌ನಲ್ಲಿ ಸ್ಪೀಕರ್ ಡಬ್ಬಗಳ ನಡುವೆ ಪ್ರಯಾಣ.

ಅವನು ಆಗ ಚರಣ್‌ಜಿತ್ ಸಿಂಗ್ ಹೆಸರು ತೆಗೆದ. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು, ಅಂದರೆ ಇವನ ಹಾಗೇ ಬೇರೆಯವರ ಹಾಡಿಗೆ ಕೈ ಕೊಡುತ್ತಿದ್ದವರು. 1982ರಲ್ಲಿ ರೋಲ್ಯಾಂಡ್‌ನ ಜುಪಿಟರ್-8 ಸಿಂಥ್, ಟಿಬಿ-303 ಬೇಸ್ ಯಂತ್ರ, ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದರು. ಇನ್ನೂ ಹಿಂದಕ್ಕೆ ಹೋದರೆ 1969ರಲ್ಲೇ ಅಹಮದಾಬಾದಿನ ವಿನ್ಯಾಸ ಸಂಸ್ಥೆ ಎನ್‌ಐಡಿಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಒಂದು ಮೋಗ್ ಸಿಂಥಸೈಸರ್ ಇರುವ ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ನಮ್ಮವರಿಗೆ ಇದು ಹೊಸದಲ್ಲ ಅನ್ನೋದು ಅವನ ಮಾತು. ಸರಿ. ಆದರೆ ಸಿಂಗ್ ಅವರ ಆ ರೆಕಾರ್ಡ್ ಆಗ ಯಾರಿಗೂ ಬೇಕಾಗಿರಲಿಲ್ಲ, ಜಗತ್ತು ಅದನ್ನು ಹುಡುಕಿ ತೆಗೆದದ್ದು ಎರಡೂವರೆ ದಶಕ ಕಳೆದ ಮೇಲೆ. ಅವರು ಅದನ್ನು ಮಾಡಿದ್ದು ಸಿನಿಮಾ ಸೆಷನ್ನಿನ ಹೊರಗೆ, ತಮ್ಮ ಪಾಡಿಗೆ. ಹಾಗಾಗಿ ಈ ಉದಾಹರಣೆ ಅವನಿಗಿಂತ ಜಾಸ್ತಿ ನನ್ನ ವಾದಕ್ಕೇ ಒದಗಿತು.

ದುಡ್ಡಿನ ವಿಷಯ

ಅವನ ಹತ್ತಿರ ನಾಲ್ಕು ಲಕ್ಷದ ಚೀಟಿ ನಡೆಯುತ್ತಿತ್ತು. ಇಪ್ಪತ್ತು ಜನ, ತಿಂಗಳಿಗೆ ಇಪ್ಪತ್ತು ಸಾವಿರ. ಅರ್ಧಕ್ಕಿಂತ ಕಡಿಮೆ ಕಟ್ಟಿದ್ದ. ಆಗಲೇ ಕೂಗಿ ಎತ್ತಿದರೆ ಎಪ್ಪತ್ತು ಸಾವಿರದವರೆಗೆ ಬಿಟ್ಟುಕೊಡಬೇಕಾಗುತ್ತಿತ್ತು, ಕೊನೆಯ ತಿಂಗಳುಗಳಿಗೆ ಕಾದರೆ ಕೂಗು ಇಳಿದು ಬಹುಪಾಲು ಪೂರ್ತಿ ಸಿಗುತ್ತಿತ್ತು. ಅಂದರೆ ಸಿಂಥ್‌ನ ಬೆಲೆ ನಾಲ್ಕು ಲಕ್ಷ ಅಲ್ಲ, ಅವಸರಕ್ಕೆ ಇನ್ನೊಂದು ಎಪ್ಪತ್ತು ಸಾವಿರ. ಇದನ್ನು ಅವನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಮನೆಯ ಮೇಲ್ಛಾವಣಿ ಬೇರೆ ಎರಡು ಮಳೆಗಾಲದಿಂದ ಸೋರುತ್ತಿತ್ತು.

ಮಾರಿದರೆ ಬೆಲೆ ಬರುತ್ತದೆ ಅನ್ನೋದು ಈ ವಿಷಯದಲ್ಲಿ ಎಲ್ಲರೂ ಹೇಳುವ ಸಮಾಧಾನ. ಅಮೆರಿಕ, ಯುರೋಪಿನಲ್ಲಿ ನಿಜ ಇರಬಹುದು. ಇಲ್ಲಿ ಇಂಥದ್ದನ್ನು ಕೊಳ್ಳುವವರು ಬೆಂಗಳೂರು, ಮುಂಬೈ, ಚೆನ್ನೈನಲ್ಲಿ ಬೆರಳೆಣಿಕೆಯಷ್ಟು ಮಂದಿ. ಅರ್ಜೆಂಟಾಗಿ ಮಾರಬೇಕಾದವನು ಅವರು ಹೇಳಿದ ರೇಟಿಗೆ ತಲೆ ಆಡಿಸಬೇಕು. ರಿಪೇರಿಗೂ ಬೆಂಗಳೂರೇ. ಕಂಪನಿಗಳೂ ಕೈ ಬದಲಾಗುತ್ತಿವೆ: ಪ್ರಾಫೆಟ್ ಮಾಡುವ ಸೀಕ್ವೆನ್ಶಿಯಲ್ 2021ರಲ್ಲಿ ಫೋಕಸ್‌ರೈಟ್ ಪಾಲಾಯಿತು, ಮೋಗ್ 2023ರಲ್ಲಿ ಇನ್‌ಮ್ಯೂಸಿಕ್ ಪಾಲಾಯಿತು. ಹತ್ತು ವರ್ಷ ಬಿಟ್ಟು ಬಿಡಿಭಾಗ ಯಾರು ಕಳಿಸುತ್ತಾರೆ? ರೋಲ್ಯಾಂಡ್ ಜೂನೋ-106 ಅಂತ 1984ರ ಒಂದು ಒಳ್ಳೆಯ ಸಿಂಥ್ ಇದೆ. ಅದರ ಒಳಗಿನ ವಾಯ್ಸ್ ಚಿಪ್‌ಗಳಿಗೆ ಮೆತ್ತಿದ ಲೇಪನವೇ ವರ್ಷಗಳಾದ ಮೇಲೆ ಚಿಪ್ಪನ್ನು ಕೆಡಿಸುತ್ತದೆ, ಆರು ದನಿಗಳಲ್ಲಿ ಒಂದೊಂದಾಗಿ ಸತ್ತುಹೋಗುತ್ತವೆ. ಹಳೇದು ಅಗ್ಗಕ್ಕೆ ಸಿಕ್ಕಿತು ಅಂತ ಹಾರುವವರು ಇದನ್ನು ನೆನಪಲ್ಲಿ ಇಟ್ಟುಕೊಳ್ಳಿ.

ಇಷ್ಟೆಲ್ಲ ಮಾತು ಅವರ ಮನೆಯ ಹಾಲ್‌ನಲ್ಲೇ ನಡೆಯಿತು. ಅವನ ಹೆಂಡತಿ ಉತ್ತರ ಪತ್ರಿಕೆ ತಿದ್ದುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ನಾನು ಬೇಡ ಅನ್ನಲಿ ಅಂತ ಕಾಯುತ್ತಿದ್ದಾಳೆ ಅಂದುಕೊಂಡೆ. ಅವಳು ಪೆನ್ನು ಕೆಳಗಿಟ್ಟು ಗಂಡನನ್ನು ಕೇಳಿದ್ದು ಒಂದೇ: "ಇದನ್ನ ಯಾವತ್ತು, ಎಷ್ಟೊತ್ತಲ್ಲಿ ನುಡಿಸ್ತೀರಿ? ಅದನ್ನ ಹೇಳಿ." ಅವನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಈ ಪ್ರಶ್ನೆ ಕೇಳಬೇಕು ಅಂತ ಹೊಳೆದಿರಲಿಲ್ಲ, ನಾನು ವೋಲ್ಟು, ಡೆಸಿಬೆಲ್ಲು ಅಂತ ಕೂತಿದ್ದೆ.

ಕ್ಯಾಲೆಂಡರ್

ಅವಳೇ ಒಂದು ದಾರಿ ಹೇಳಿದಳು. ಗೋಡೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಹಾಗೆ, ದಿನಾ ಎಲ್ಲಿ ನುಡಿಸಿದ, ಆ ದಿನ ತಾನೇ ಮಾಡಿದ ಸೌಂಡ್ ಬಳಸಿದನಾ ಅಥವಾ ಇದ್ದದ್ದನ್ನೇ ಬಳಸಿದನಾ ಅಂತ ಗುರುತು ಹಾಕುವುದು. ಗಣೇಶನ ಹಬ್ಬದಿಂದ ರಾಜ್ಯೋತ್ಸವದ ಕೊನೆಯವರೆಗೆ. ನಾನು ಒಂದು ಸೇರಿಸಿದೆ. ಸಣ್ಣದೊಂದು ಅನಲಾಗ್ ಸಿಂಥ್ ಸೆಕೆಂಡ್ ಹ್ಯಾಂಡ್ ತಂದು ಜೊತೆಗೆ ಇಟ್ಟುಕೊ, ಬರೀ ಆಸೆಯ ಮೇಲೆ ಲೆಕ್ಕ ಹಾಕಬೇಡ. ಬೆಂಗಳೂರಿನಲ್ಲಿ ಒಬ್ಬ ಕಾಲೇಜು ಹುಡುಗ ಕಾರ್ಗ್ ಮಿನಿಲಾಗ್ ಮಾರುತ್ತಿದ್ದ, ಮೂವತ್ತು ಚಿಲ್ಲರೆ ಸಾವಿರಕ್ಕೆ ಸಿಕ್ಕಿತು. 2016ರಲ್ಲಿ ಬಂದ ಮಾಡೆಲ್, ನಾಲ್ಕು ದನಿ, ದನಿಗೆ ಎರಡು ಅನಲಾಗ್ ಆಸಿಲೇಟರ್, 37 ಸಣ್ಣ ಕೀಗಳು. ಅವನ ದಪ್ಪ ಬೆರಳಿಗೆ ಆ ಕೀಗಳು ಸಾಲುತ್ತಿರಲಿಲ್ಲ, ದಿನಾ ಬೈದುಕೊಂಡ.

ಡಿಸೆಂಬರಿನಲ್ಲಿ ಆ ಕ್ಯಾಲೆಂಡರ್ ಹಾಳೆಗಳನ್ನು ಮುಂದೆ ಹರಡಿಕೊಂಡೆವು.

ರಸಮಂಜರಿಯ ದಿನಗಳಲ್ಲಿ ಅವನದೇ ಸೌಂಡ್ ಅನ್ನುವ ಗುರುತು ಒಂದೂ ಇರಲಿಲ್ಲ. ಮಿನಿಲಾಗ್ ಅನ್ನು ಗಣೇಶನ ಹಬ್ಬದ ಮೊದಲ ವಾರ ಹೊತ್ತುಕೊಂಡು ಹೋಗಿದ್ದಾನೆ, ಆಮೇಲೆ ಮನೆಯಲ್ಲೇ ಬಿಟ್ಟಿದ್ದಾನೆ. ಪಾಠದ ಸಂಜೆಗಳಲ್ಲೂ ಇಲ್ಲ. ಗುರುತು ಇದ್ದದ್ದು ಎರಡು ಕಡೆ. ರಾತ್ರಿ ಮಗಳು ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಕೂತ ದಿನಗಳು, ಅವು ಅಷ್ಟೇನೂ ಇಲ್ಲ, ಹನ್ನೊಂದು ಗಂಟೆಗೆ ಪ್ರೋಗ್ರಾಂ ಮುಗಿಸಿ ಬಂದವನು ಮತ್ತೆ ಎಲ್ಲಿ ಕೂರುತ್ತಾನೆ? ಇನ್ನೊಂದು ನಾಟಕ. ಆ ಸಲ ಮೈಸೂರಿನ ಒಂದು ತಂಡಕ್ಕೆ ಮಾಡಿದ್ದ. ರಿಹರ್ಸಲ್ ಶುರುವಾದ ದಿನದಿಂದ ಪ್ರದರ್ಶನದವರೆಗೆ ಕ್ಯಾಲೆಂಡರ್ ತುಂಬಾ ಗುರುತು.

ನಾಟಕದಲ್ಲಿ ಅವನು ನಿಜವಾಗಿ ಏನು ಮಾಡಿದ ಅನ್ನೋದನ್ನು ನಾನು ಕೂತು ನೋಡಿದ್ದೇನೆ. ಕಾರ್ಡ್ ಹಿಡಿದದ್ದು ಕಡಿಮೆ. ಜಾಸ್ತಿ ಒಂದೇ ಸ್ವರ, ಕೆಳಗಿನ ಷಡ್ಜ, ಅದನ್ನು ಹಿಡಿದು ಎಡಗೈಯಲ್ಲಿ ಫಿಲ್ಟರ್ ನಾಬ್. ನಟಿ ಒಂದು ಉದ್ದದ ಮಾತಿನಲ್ಲಿ ಉಸಿರು ಬಿಗಿ ಹಿಡಿದು ಮುಂದೆ ಬರುವಾಗ ಇವನು ಫಿಲ್ಟರ್ ನಿಧಾನಕ್ಕೆ ತೆರೆಯುತ್ತಾನೆ, ಅವಳು ನಿಲ್ಲಿಸಿದರೆ ನಿಲ್ಲಿಸುತ್ತಾನೆ. ಒಂದೊಂದು ರಾತ್ರಿ ಅವಳು ಒಂದೊಂದು ಕಡೆ ನಿಲ್ಲಿಸುತ್ತಿದ್ದಳು, ಇವನ ಕೈಯೂ ಅಲ್ಲೇ ನಿಲ್ಲುತ್ತಿತ್ತು. ಮುಂಚಿನ ವರ್ಷಗಳಲ್ಲಿ ಇದನ್ನು ಲ್ಯಾಪ್‌ಟಾಪಿನಿಂದ ಟ್ರ್ಯಾಕ್ ಹಾಕಿ ಮಾಡುತ್ತಿದ್ದ, ಆಗ ನಟರು ಟ್ರ್ಯಾಕಿನ ಹಿಂದೆ ಓಡಬೇಕಿತ್ತು. ನಿರ್ದೇಶಕರು ಸೌಂಡ್ ಚೆನ್ನಾಗಿದೆ ಅನ್ನಲಿಲ್ಲ, ಈ ಸಲ ಸಂಗೀತದವನು ರಿಹರ್ಸಲ್‌ಗೆ ಸರಿಯಾಗಿ ಬಂದ ಅಂದರು.

ಇಲ್ಲಿ ನನಗೆ ವಿಷಯ ಸ್ಪಷ್ಟವಾಯಿತು. ಅವನು ದುಡ್ಡು ಕೊಡಲು ಹೊರಟದ್ದು ಐದು ದನಿಗೆ. ಅವನ ಕೈ ಹೋಗುತ್ತಿದ್ದದ್ದು ಒಂದು ದನಿಗೆ, ಮೂರ್ನಾಲ್ಕು ನಾಬ್‌ಗಳಿಗೆ. ಮೆನು ಒಳಗೆ ಹೋಗದೆ, ಪರದೆ ನೋಡದೆ, ಕತ್ತಲಲ್ಲಿ ಮುಟ್ಟಿ ತಿರುಗಿಸಬಹುದಾದ ನಾಬ್. ಅನಲಾಗ್ ಅನ್ನುವುದಕ್ಕಿಂತ ಇದೇ ಜಾಸ್ತಿ ಮುಖ್ಯ ಅನ್ನೋದು ನನ್ನ ಅಭಿಪ್ರಾಯ, ಅವನು ಇದನ್ನು ಇವತ್ತಿಗೂ ಪೂರ್ತಿ ಒಪ್ಪುವುದಿಲ್ಲ.

ಗಮಕದ ವಿಷಯ ಬಂದಾಗ ಮಾತ್ರ ಇಬ್ಬರೂ ಒಂದೇ ಕಡೆ ಬಂದೆವು. ಅವನು ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವನು, ರಂಗಗೀತೆಗಳಲ್ಲಿ ಅದು ಬೇಕೇ ಬೇಕು. ಸ್ಯಾಂಪಲ್ ಮಾಡಿದ ವಯಲಿನ್ನನ್ನು ಸ್ವರ ಏರಿಳಿಸುವ ಚಕ್ರದಿಂದ, ಅಂದರೆ ಪಿಚ್ ವೀಲ್‌ನಿಂದ ಎಳೆದರೆ ಸ್ವರದ ಜೊತೆ ವಯಲಿನ್ನಿನ ಮೈಯೂ ಹಿಗ್ಗಿ ಕುಗ್ಗಿದ ಹಾಗೆ ಕೇಳಿಸುತ್ತದೆ. ಆಸಿಲೇಟರ್ ಹಾಗಲ್ಲ, ಎಷ್ಟು ಎಳೆದರೂ ಅದೇ ದನಿ, ತೋಡಿಯ ಗಾಂಧಾರವನ್ನು ಆಂದೋಳಿಸಿದರೆ ಅಸಹ್ಯ ಆಗುವುದಿಲ್ಲ. ಸ್ವರದಿಂದ ಸ್ವರಕ್ಕೆ ಜಾರಿಸುವ ಗ್ಲೈಡ್ ಹಾಕಿದರೆ ಜಾರು ಕೂಡ ಬರುತ್ತದೆ. ಆದರೆ ಪ್ರಾಫೆಟ್-5ರಲ್ಲಿ ವೀಲ್ ತಿರುಗಿಸಿದರೆ ಹಿಡಿದ ಸ್ವರಗಳೆಲ್ಲ ಒಟ್ಟಿಗೆ ಬಾಗುತ್ತವೆ. ಕೆಳಗೆ ಷಡ್ಜ ಪಂಚಮ ನಿಂತಿರಬೇಕು, ಮೇಲೆ ಒಂದೇ ಸ್ವರ ಆಡಬೇಕು ಅಂದರೆ ಆಗುವುದಿಲ್ಲ. ಹೇಗಿದ್ದರೂ ಶ್ರುತಿಯನ್ನು ಬೇರೆ ಕಡೆಯಿಂದಲೇ ಹಾಕಬೇಕು. ಹಾಗಾದರೆ ಒಂದು ಸಲಕ್ಕೆ ಒಂದೇ ಸ್ವರ ನುಡಿಯುವ ಮೋನೋ ಸಿಂಥೇ ಸಾಕಲ್ವಾ?

ಕೊಂಡದ್ದು

ಹೊಸ ಮಿನಿಮೋಗ್ ಅನ್ನು ಒಂದು ಸಂಜೆ ಕನಸಿನಲ್ಲಿ ನೋಡಿದೆವು. 2022ರಲ್ಲಿ ಮತ್ತೆ ಬಂದಾಗ ಅದರ ಬೆಲೆ 4,999 ಡಾಲರ್, ಪ್ರಾಫೆಟ್‌ಗಿಂತ ಜಾಸ್ತಿ, ಅದೂ ಮೆಮೊರಿ ಇಲ್ಲದೆ. ಬೆಹ್ರಿಂಗರ್ ಕಂಪನಿ ಅದೇ ಮಾದರಿಯ ಒಂದು ಸಣ್ಣ ಡಬ್ಬ ಮಾಡುತ್ತದೆ, ಬೆಲೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ, ದನಿಯೂ ಹತ್ತಿರ ಇದೆ. ಆದರೆ ನಾಬ್‌ಗಳು ಒತ್ತೊತ್ತಾಗಿ ಇವೆ, ಮೆಮೊರಿ ಅದರಲ್ಲೂ ಇಲ್ಲ. ಮನೆಯಲ್ಲಿ ಪ್ರಯೋಗ ಮಾಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ನಾಟಕದಲ್ಲಿ ದೃಶ್ಯದಿಂದ ದೃಶ್ಯಕ್ಕೆ ಸೌಂಡ್ ಬದಲಾಗಬೇಕು, ಕತ್ತಲಲ್ಲಿ, ಹಾಗಾಗಿ ಇವನಿಗೆ ಆಗದು.

ಕೊನೆಗೆ ನಿಂತದ್ದು ಮೋಗ್ ಸಬ್‌ಸಿಕ್ವೆಂಟ್ 37ರ ಮೇಲೆ. ಎರಡು ಆಸಿಲೇಟರ್, ಬೇಕಾದರೆ ಎರಡು ಸ್ವರ, 256 ಸೌಂಡ್ ಉಳಿಸಬಹುದು, ಕೀಗಳು ಪೂರ್ತಿ ಅಳತೆಯವು, ಮುಖದ ತುಂಬಾ ನಾಬ್. ಬೆಂಗಳೂರಿನ ಒಬ್ಬ ಸಂಗೀತಗಾರರ ಹತ್ತಿರ ಸೆಕೆಂಡ್ ಹ್ಯಾಂಡ್ ಇತ್ತು, ಒಂದು ಲಕ್ಷದ ನಲವತ್ತು ಸಾವಿರಕ್ಕೆ ಮಾತಾಯಿತು. ನಾನೂ ಜೊತೆಗೆ ಹೋಗಿದ್ದೆ. ಹೋದ ತಕ್ಷಣ ನುಡಿಸಬೇಡ ಅಂತ ಮೊದಲೇ ಹೇಳಿದ್ದೆ. ಆನ್ ಮಾಡಿ ಕಾಫಿ ಕುಡಿಯುತ್ತಾ ಕಾಲು ಗಂಟೆ ಬಿಟ್ಟೆವು, ಬಿಸಿಯಾದ ಮೇಲೆ ಶ್ರುತಿ ನಿಲ್ಲುತ್ತದಾ ಅಂತ ಕೆಳಗಿನ ಸ್ಥಾಯಿಯಿಂದ ಮೇಲಿನವರೆಗೆ ಫೋನಿನ ಟ್ಯೂನರ್ ಇಟ್ಟು ನೋಡಿದೆವು. ಒಂದೊಂದು ನಾಬನ್ನೂ ಪೂರ್ತಿ ತಿರುಗಿಸಿ ಸೌಂಡ್ ಹಾರುತ್ತದಾ, ಕರಕರ ಅನ್ನುತ್ತದಾ ಅಂತ ಕೇಳಿದೆವು. ಪ್ರತಿ ಕೀಯನ್ನೂ ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ. ವೀಲ್ ಬಿಟ್ಟಾಗ ಸರಿಯಾಗಿ ಮಧ್ಯಕ್ಕೆ ಬರುತ್ತದಾ, ಗಮಕ ನುಡಿಸುವವನಿಗೆ ಇದು ಎಲ್ಲಕ್ಕಿಂತ ಮುಖ್ಯ. ಒಂದು ಸೌಂಡ್ ಉಳಿಸಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ಅದು ಇದೆಯಾ ಅಂತ ನೋಡಿದೆವು. ಮೂಲ ಬಿಲ್ ಕೇಳಿ ಪಡೆದೆವು. ಎರಡು ನಾಬ್‌ಗಳ ಟೋಪಿ ಸಡಿಲ ಇತ್ತು, ಅದಕ್ಕೆ ಐದು ಸಾವಿರ ಇಳಿಸಿದರು.

ಮಿನಿಲಾಗ್ ಕೊಂಡ ಬೆಲೆಗಿಂತ ಸ್ವಲ್ಪ ಕಡಿಮೆಗೆ ಮಾರಾಟವಾಯಿತು, ನಾಲ್ಕು ತಿಂಗಳ ಬಾಡಿಗೆ ಅಂದುಕೊಂಡರೆ ಅದು ಏನೂ ಅಲ್ಲ. ಮೋಗ್‌ನ ಬಾಕಿ ಹಣವನ್ನು ರಾಜ್ಯೋತ್ಸವದ ಸೀಸನ್ನಿನ ದುಡಿಮೆಯಿಂದ ಹೊಂದಿಸಿದ. ಚೀಟಿ ಮುಟ್ಟಲಿಲ್ಲ. ಅದನ್ನು ಕೊನೆಯ ತಿಂಗಳುಗಳಲ್ಲಿ ಎತ್ತಿ ಮೇಲ್ಛಾವಣಿಗೆ ಹಾಕಿದರು, ಉಳಿದದ್ದು ಮಗಳ ಹೆಸರಲ್ಲಿ ಎಫ್‌ಡಿ.

ಮೋಗ್ ರಸಮಂಜರಿಗೆ ಹೋಗುವುದಿಲ್ಲ. ಅಲ್ಲಿಗೆ ಅದೇ ಎಕ್ಸ್‌ಪಿಎಸ್-10. ತಂಡದ ಮಾಲೀಕರು ಒಮ್ಮೆ ಹೊಸ ಕೀಬೋರ್ಡ್ ತಗೊಂಡಿದ್ದೀಯಂತೆ, ತಾ ಅಂದರಂತೆ, ಇವನು ಅದ್ರಲ್ಲಿ ಕೊಳಲು ಬರಲ್ಲ ಸಾರ್ ಅಂದನಂತೆ, ಅಲ್ಲಿಗೆ ಆ ಮಾತು ಮುಗಿಯಿತು. ಈಗ ನಾಟಕದವರಿಗೆ ಅವನು ರಿಹರ್ಸಲ್ ದಿನಗಳಿಗೂ ಸೇರಿಸಿ ಸಂಭಾವನೆ ಕೇಳುತ್ತಾನೆ. ಕೆಲವರು ಕೊಡುತ್ತಾರೆ, ಕೆಲವರು ಮುಂದಿನ ಸಲ ನೋಡೋಣ ಅನ್ನುತ್ತಾರೆ. ಪ್ರಾಫೆಟ್-5ರ ವಿಡಿಯೋಗಳನ್ನು ನನಗೆ ಕಳಿಸುವುದನ್ನು ಮಾತ್ರ ಇನ್ನೂ ನಿಲ್ಲಿಸಿಲ್ಲ.